ಜೋಮು ಹಿಡಿದ ಕಿರುಬೆರಳು ಮತ್ತು ಹೊಸ ಹ್ಯಾಂಡಲ್

ಜೂನ್ ತಿಂಗಳು, ಶಾಲೆ ಶುರುವಾಗಿ ಎರಡನೇ ವಾರ. ಬೋರ್ಡಿನ ಮೇಲೆ ತ್ರಿಭುಜ ಬರೆಯುತ್ತಿದ್ದೆ. ಸೀಮೆಸುಣ್ಣ ಕೈಯಿಂದ ಜಾರಿ ಬಿತ್ತು. ಎತ್ತಿಕೊಂಡು ಮತ್ತೆ ಬರೆದೆ, ಮತ್ತೆ ಜಾರಿತು. ನೋಡಿದರೆ ಬಲಗೈಯ ಕಿರುಬೆರಳಿಗೆ ಜೋಮು ಹಿಡಿದಿತ್ತು. ಪಕ್ಕದ ಉಂಗುರ ಬೆರಳಿನ ಅರ್ಧ ಭಾಗವೂ ಹಾಗೇ. ಮಿಕ್ಕ ಬೆರಳುಗಳು ಸರಿಯಾಗೇ ಇದ್ದವು. ಬೆಳಗ್ಗೆ ಹಿಡಿದ ಜೋಮು ಮಧ್ಯಾಹ್ನ ಊಟದ ಹೊತ್ತಿಗೂ ಪೂರ್ತಿ ಬಿಟ್ಟಿರಲಿಲ್ಲ.

ನಾನು ಶಾಲೆಗೆ ಸೈಕಲ್ಲಿನಲ್ಲಿ ಹೋಗುತ್ತೇನೆ. ದಾವಣಗೆರೆಯ ವಿದ್ಯಾನಗರದಿಂದ ಹೊರಟು, ಹಳೇ ಪಿ.ಬಿ. ರಸ್ತೆ ಹಿಡಿದು ಬಾತಿ ಕಡೆಗೆ. ಹೋಗಿ ಬರಲು 14 ಕಿಲೋಮೀಟರ್ ಚಿಲ್ಲರೆ. ಭಾನುವಾರ ಮನಸ್ಸು ಬಂದರೆ ಹರಿಹರದ ಹೊಳೆ ತನಕ, ಇಲ್ಲವೇ ಕೊಂಡಜ್ಜಿ ಕೆರೆ ತನಕ. ಎರಡು ವರ್ಷದ ಹಿಂದೆ ತಗೊಂಡ ಗೇರ್ ಸೈಕಲ್ಲು. ನೇರ ಹ್ಯಾಂಡಲ್, 700×35 ಟಯರ್, ವಿ-ಬ್ರೇಕು. ಓಡುವುದಕ್ಕೆ ತುಂಬಾ ಚೆನ್ನಾಗಿದೆ. ಕೈಗೆ ಮಾತ್ರ ಚೆನ್ನಾಗಿರಲಿಲ್ಲ. ಅದನ್ನು ಒಪ್ಪಿಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು.

ಪರಿಚಯದ ಮೂಳೆ ವೈದ್ಯರು ಕೈ ನೋಡಿ, ಒತ್ತಿ, ಬೆರಳು ಅಗಲಿಸಲು ಹೇಳಿ, "ಸೈಕಲ್ ಹೊಡೀತೀರಾ?" ಎಂದು ಕೇಳಿದರು. ಅವರು ವಿವರಿಸಿದ್ದು ಇದು. ಅಲ್ನಾರ್ ಅನ್ನುವ ನರ ಮೊಣಕೈ ಹಿಂದಿನಿಂದ ಇಳಿದು, ಕಿರುಬೆರಳಿನ ಕಡೆಯಿಂದ ಅಂಗೈಗೆ ಬರುತ್ತದೆ. ಮಣಿಕಟ್ಟಿನ ಹತ್ತಿರ ಎರಡು ಸಣ್ಣ ಮೂಳೆಗಳ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ನುಸುಳುತ್ತದೆ. 1861ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ವೈದ್ಯ ಫೆಲಿಕ್ಸ್ ಗಿಯೋನ್ ಅವರ ಹೆಸರೇ ಆ ದಾರಿಗೆ ಇದೆ. ಅಲ್ಲಿ ನರದ ಮೇಲೆ ದಪ್ಪ ಮಾಂಸದ ರಕ್ಷಣೆ ಇಲ್ಲ. ಮಣಿಕಟ್ಟು ಹಿಂದಕ್ಕೆ ಮಡಚಿ, ಅಂಗೈ ಬುಡದ ಮೇಲೆ ಮೈಭಾರ ಹಾಕಿ ಕೂತರೆ ಹ್ಯಾಂಡಲ್ಲಿನ ಕೊಳವೆ ಸೀದಾ ಆ ನರದ ಮೇಲೇ ಒತ್ತುತ್ತದೆ. ಸೈಕಲ್ ಹೊಡೆಯುವವರಲ್ಲಿ ಇದು ಎಷ್ಟು ಮಾಮೂಲಿ ಎಂದರೆ ವೈದ್ಯರು ಇದಕ್ಕೆ ಸೈಕಲ್ ಸವಾರರ ಹೆಸರನ್ನೇ ಸೇರಿಸಿ ಕರೆಯುತ್ತಾರೆ.

ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಜೋಮು ಬಂದರೆ ಅದು ಬೇರೆ ನರ, ಮೀಡಿಯನ್. ಯಾವ ಬೆರಳು ಅಂತ ಗಮನಿಸಿ ಬರೆದಿಟ್ಟುಕೊಳ್ಳಿ. ಕೈಯ ಶಕ್ತಿ ಕಡಿಮೆಯಾದರೆ, ಜೋಮು ದಿನಗಟ್ಟಲೆ ಬಿಡದಿದ್ದರೆ, ಸ್ಪ್ಯಾನರ್ ಹಿಡಿಯುವ ಮೊದಲು ವೈದ್ಯರ ಹತ್ತಿರ ಹೋಗಿ.

ಮೆತ್ತಗೆ ಮಾಡಿದ್ದು, ಫಲ ಸಿಗದಿದ್ದು

ಎಲ್ಲರೂ ಮಾಡುವುದನ್ನೇ ನಾನೂ ಮೊದಲು ಮಾಡಿದೆ. ಜೆಲ್ ಇರುವ ಗ್ಲೌಸ್ ತಗೊಂಡೆ. ದಪ್ಪ ಸ್ಪಂಜಿನ ಗ್ರಿಪ್ ಹಾಕಿಸಿದೆ. ಮೊದಲ ಎರಡು ದಿನ ಹಾಯೆನಿಸಿತು. ಮೂರನೇ ದಿನ ಜೋಮು ವಾಪಸು ಬಂತು, ಸ್ವಲ್ಪ ತಡವಾಗಿ, ಅಷ್ಟೇ. ಸ್ಪಂಜು ದಪ್ಪ ಇದ್ದಷ್ಟೂ ಬೆರಳು ಜಾಸ್ತಿ ಬಿಗಿ ಹಿಡಿಯುತ್ತವೆ. ಭಾರ ಬೀಳುವ ಜಾಗ ಬದಲಾಗದೆ ಅಲ್ಲಿಗೆ ದಿಂಬು ಇಟ್ಟರೆ ನರಕ್ಕೆ ಬಿಡುವು ಸಿಗುವುದಿಲ್ಲ.

ಆಮೇಲೆ ಸೀಟು ನೋಡಿದೆ. ಇದನ್ನು ಎಲ್ಲಕ್ಕಿಂತ ಮೊದಲು ನೋಡಬೇಕಿತ್ತು. ಗಾರೆ ಕೆಲಸದವರ ರಸಮಟ್ಟ ಸೀಟಿನ ಮೇಲೆ ಇಟ್ಟೆ. ಮೂತಿ ಕೆಳಗೆ ಬಾಗಿತ್ತು. ಹಾಗಿದ್ದರೆ ಮೈ ಸದಾ ಮುಂದಕ್ಕೆ ಜಾರುತ್ತದೆ, ಆ ಜಾರುವಿಕೆಯನ್ನು ಇಡೀ ದಾರಿ ಕೈಗಳು ತಡೆಯುತ್ತಿರುತ್ತವೆ. ಸೀಟು ಮಟ್ಟ ಮಾಡಿ, ಅದರ ಕಂಬಿಗಳ ಮೇಲೆ 10 ಮಿಲಿಮೀಟರ್ ಹಿಂದಕ್ಕೂ ಸರಿಸಿದೆ. ಸೀಟು ಹಿಂದಕ್ಕೆ ಹೋದಷ್ಟೂ ಸೊಂಟದ ಭಾರ ಹಿಂದೆ ಉಳಿಯುತ್ತದೆ, ಕೈ ಹಗುರಾಗುತ್ತದೆ. ಟಯರಿನ ಗಾಳಿಯನ್ನೂ 80 ಪಿಎಸ್‌ಐಯಿಂದ 55ಕ್ಕೆ ಇಳಿಸಿದೆ. ಟಯರಿನ ಪಕ್ಕದಲ್ಲಿ ಬರೆದಿರುವ ಅಳತೆಯೊಳಗೇ ಇದೆ ಅದು, ನಡುಕ ತುಂಬಾ ಕಡಿಮೆಯಾಯಿತು.

ಜೋಮು ಅರ್ಧಕ್ಕರ್ಧ ಇಳಿಯಿತು. ಉಳಿದರ್ಧ ಹೋಗಲಿಲ್ಲ. ಆಗ ಗೊತ್ತಾಯಿತು, ಹ್ಯಾಂಡಲ್ಲನ್ನೇ ನೋಡಬೇಕು ಅಂತ.

ಅಪ್ಪನ ಸೈಕಲ್ಲು

ಅಪ್ಪ ಇಲ್ಲಿನ ಕಾಟನ್ ಮಿಲ್ಲಿನಲ್ಲಿ ಕೆಲಸ ಮಾಡಿದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು. ಪಾಳಿ ಬಿಟ್ಟರೆ ರಸ್ತೆ ತುಂಬ ಸೈಕಲ್ಲು. ಅಪ್ಪನ ಕಪ್ಪು ಸೈಕಲ್ಲು ಈಗಲೂ ಮನೆಯ ಹಿತ್ತಲಲ್ಲಿ ಇದೆ, ಕಂಬಿ ಬ್ರೇಕಿನದು. ಮೂವತ್ತು ವರ್ಷ ಅದನ್ನು ಹೊಡೆದರೂ ಅಪ್ಪ ಕೈ ಜೋಮು ಅಂದದ್ದು ನನಗೆ ನೆನಪಿಲ್ಲ.

ನನ್ನ ಸೈಕಲ್ಲಿನ ಹ್ಯಾಂಡಲ್ ಹಿಡಿದು ನೋಡಿ ಅಪ್ಪ ಅಂದರು: "ಇದೇನ್ ಹ್ಯಾಂಡಲ್ಲೋ, ಅಡ್ಡ ಕೋಲು ಹಿಡ್ಕಂಡಂಗೈತಲ್ಲ. ಕೈ ಹಿಂಗ್ ಇರ್ತಾವಾ ಯಾರಿಗಾದ್ರೂ?"

ಆ ಮಾತು ನನ್ನನ್ನು ಬಿಡಲಿಲ್ಲ. ಶಾಲೆಯಲ್ಲಿ ಬೋರ್ಡಿಗೆ ಹಿಡಿಯುವ ದೊಡ್ಡ ಮರದ ಕೋನಮಾಪಕ ಇದೆ. ಶನಿವಾರ ಅದನ್ನು ಮನೆಗೆ ತಂದೆ. ಎರಡೂ ಸೈಕಲ್ಲನ್ನು ನೇರ ನಿಲ್ಲಿಸಿ, ಮೇಲಿನಿಂದ ಅಳೆದೆ. ಚಕ್ರಕ್ಕೆ ಅಡ್ಡಲಾಗಿ ಒಂದು ಗೆರೆ, ಗ್ರಿಪ್ ಉದ್ದಕ್ಕೆ ಇನ್ನೊಂದು ಗೆರೆ. ಈ ಎರಡರ ನಡುವಿನ ಕೋನವೇ ಹ್ಯಾಂಡಲ್ ಸವಾರನ ಕಡೆಗೆ ಎಷ್ಟು ಬಾಗಿದೆ ಅನ್ನುವ ಲೆಕ್ಕ. ನಾನು ಅದನ್ನು ಹಿಂಬಾಗು ಅಂತ ಕರೆಯುತ್ತೇನೆ.

ನನ್ನ ನೇರ ಹ್ಯಾಂಡಲ್ಲಿನ ಹಿಂಬಾಗು 6 ಡಿಗ್ರಿ. ಅಪ್ಪನದು 75.

ಹಾಗಾದರೆ ಕೈಗೆ ಬೇಕಾದದ್ದೆಷ್ಟು? ಅದನ್ನೂ ಅಳೆಯಬಹುದು ಅಲ್ವಾ! ಊಟದ ಮನೆಯ ಸ್ಟೂಲಿನ ಮೇಲೆ ಕೂತೆ. ಎರಡು ಕೈಯಲ್ಲೂ ಒಂದೊಂದು ಲಟ್ಟಣಿಗೆ ಹಿಡಿದೆ, ಒಂದು ನಮ್ಮದು, ಇನ್ನೊಂದು ಪಕ್ಕದ ಮನೆಯದು. ಕಣ್ಣು ಮುಚ್ಚಿ, ಸೈಕಲ್ ಮೇಲೆ ಬಾಗುವಷ್ಟೇ ಮುಂದಕ್ಕೆ ಬಾಗಿ, ಹೆಗಲು ಸಡಿಲ ಬಿಟ್ಟು ಕೈ ಚಾಚಿದೆ. ಮೊಣಕೈ ಸ್ವಲ್ಪ ಮಡಚಿರಬೇಕು, ಮಣಿಕಟ್ಟು ಮುಂಗೈಗೆ ನೇರ ಇರಬೇಕು. ಮಗಳು ಕುರ್ಚಿ ಹತ್ತಿ ಮೇಲಿನಿಂದ ಫೋಟೋ ತೆಗೆದಳು. ಫೋಟೋ ದೊಡ್ಡದು ಮಾಡಿ ಕೋನ ಅಳೆದರೆ 38 ಡಿಗ್ರಿ. ಬೆನ್ನು ನೆಟ್ಟಗೆ ಮಾಡಿ ಕೂತು, ಕೈ ಮೈಗೆ ಹತ್ತಿರ ತಂದು ತೆಗೆದದ್ದರಲ್ಲಿ 52.

ಐದೈದು ಸಲ ಮಾಡಿದೆವು. ಒಂದೆರಡು ಡಿಗ್ರಿ ಆಚೀಚೆ ಬಿಟ್ಟರೆ ಅದೇ ಬಂತು. ಬೆನ್ನು ನೆಟ್ಟಗಾದಷ್ಟೂ ಕೈಗಳು ಒಂದಕ್ಕೊಂದು ಎದುರಾಗಿ ತಿರುಗುತ್ತವೆ, ಬಾಗಿದಷ್ಟೂ ಅಡ್ಡವಾಗುತ್ತವೆ. ನನ್ನ ಕೈ ಕೇಳುತ್ತಿದ್ದದ್ದು 38, ನಾನು ಕೊಡುತ್ತಿದ್ದದ್ದು 6. ಉಳಿದ 32 ಡಿಗ್ರಿಯನ್ನು ಎರಡು ವರ್ಷ ಮಣಿಕಟ್ಟು ತಿರುಚಿ ತುಂಬಿಸುತ್ತಿದ್ದೆ. ಅಂಗಡಿಗೆ ಹೋಗುವ ಮೊದಲು ಎಲ್ಲರೂ ಈ ಲಟ್ಟಣಿಗೆ ಅಳತೆ ಮಾಡಲಿ ಅನ್ನುವುದು ನನ್ನ ಆಸೆ. ಹತ್ತು ನಿಮಿಷದ ಕೆಲಸ.

ಏನೇನು ಸಿಗುತ್ತದೆ

ಅಪ್ಪನ ಹ್ಯಾಂಡಲ್ಲನ್ನೇ ಬಿಚ್ಚಿ ನನ್ನ ಸೈಕಲ್ಲಿಗೆ ಹಾಕಲು ಆಗುವುದಿಲ್ಲ. ಹಳೇ ಕಂಬಿ ಬ್ರೇಕಿನ ಸೈಕಲ್ಲಿನಲ್ಲಿ ಹ್ಯಾಂಡಲ್ಲೂ ಅದರ ಕುತ್ತಿಗೆಯೂ ಬೆಸುಗೆ ಹಾಕಿದ ಒಂದೇ ತುಂಡು. ಆ ಕುತ್ತಿಗೆ ಫೋರ್ಕಿನ, ಅಂದರೆ ಮುಂದಿನ ಚಕ್ರ ಹಿಡಿಯುವ ಕವಲಿನ, ಕೊಳವೆಯ ಒಳಗೆ ಇಳಿಯುತ್ತದೆ. ನನ್ನಂಥ ಹೊಸ ಸೈಕಲ್ಲಿನಲ್ಲಿ ಸ್ಟೆಮ್ ಅನ್ನುವ ಬೇರೆ ತುಂಡು ಇದೆ. ಅದು 28.6 ಮಿಲಿಮೀಟರಿನ ಫೋರ್ಕು ಕೊಳವೆಯನ್ನು ಹೊರಗಿನಿಂದ ಅಪ್ಪಿ ಹಿಡಿಯುತ್ತದೆ. ಅದರ ಮುಂದಿನ ಬಾಯಿ ಹ್ಯಾಂಡಲ್ಲನ್ನು ಹಿಡಿಯುತ್ತದೆ.

ಆ ಬಾಯಿಯ ಅಳತೆಯಲ್ಲೇ ಜನ ಮೋಸ ಹೋಗುವುದು. ಈಗಿನ ಸೈಕಲ್ಲುಗಳಲ್ಲಿ ಬಹಳಷ್ಟು 31.8 ಮಿಲಿಮೀಟರ್. ಹಳೆಯ ಮತ್ತು ಕಡಿಮೆ ಬೆಲೆಯವುಗಳಲ್ಲಿ 25.4. ಬೆಟ್ಟ ಹತ್ತುವ ದುಬಾರಿ ಸೈಕಲ್ಲುಗಳಲ್ಲಿ 35 ಕೂಡ ಇದೆ. ಇದು ನಡುಭಾಗದ ದಪ್ಪ. ಗ್ರಿಪ್ ಕೂರುವ ಕಡೆ ನೇರ ಹ್ಯಾಂಡಲ್ಲು, ಬಾಗಿದ ಹ್ಯಾಂಡಲ್ಲು ಎಲ್ಲವೂ 22.2. ಹಾಗಾಗಿ ಇದ್ದ ಬ್ರೇಕ್ ಲಿವರ್, ಗೇರ್ ಲಿವರ್ ಅವಕ್ಕೆ ಹೊಂದುತ್ತವೆ. ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಸುತ್ತಿದ ರೇಸ್ ಹ್ಯಾಂಡಲ್ ಮಾತ್ರ 23.8. ಅದಕ್ಕೆ ಹಳೇ ಲಿವರ್‌ಗಳು ಕೂರುವುದಿಲ್ಲ, ಬ್ರೇಕು ಗೇರು ಎಲ್ಲ ಬದಲಿಸಬೇಕು. ಖರ್ಚು ಎಲ್ಲಿಗೋ ಹೋಗುತ್ತದೆ. ಅದನ್ನು ಅಲ್ಲಿಗೇ ಬಿಟ್ಟೆ.

ನೇರ ಹ್ಯಾಂಡಲ್ ತುದಿಗೆ ಸಿಕ್ಕಿಸುವ ಸಣ್ಣ ಕೊಂಬುಗಳೂ ಸಿಗುತ್ತವೆ. ಕೈ ಇಡಲು ಎರಡನೇ ಜಾಗ ಸಿಗುತ್ತದೆ, ಬೆಲೆಯೂ ಕಡಿಮೆ. ಸ್ನೇಹಿತರದನ್ನು ತಂದು ಒಂದು ವಾರ ಹಾಕಿ ನೋಡಿದೆ. ಹೈವೇ ಪಕ್ಕದ ಖಾಲಿ ರಸ್ತೆಯಲ್ಲಿ ಸೊಗಸಾಗಿತ್ತು. ಊರೊಳಗೆ ಅಲ್ಲಿ ಕೈ ಇಟ್ಟರೆ ಬ್ರೇಕು ದೂರ. ಜಯದೇವ ಸರ್ಕಲ್ಲಿನಲ್ಲಿ ಬ್ರೇಕಿನಿಂದ ಕೈ ತೆಗೆಯುವುದು ನನಗೆ ಆಗದ ಮಾತು. ಚಿಟ್ಟೆ ರೆಕ್ಕೆಯಂತೆ ಎರಡು ಕಡೆ ಸುತ್ತಿ ಬರುವ ದೂರ ಪ್ರಯಾಣದ ಹ್ಯಾಂಡಲ್ಲಿನದೂ ಹೆಚ್ಚು ಕಡಿಮೆ ಇದೇ ಕಥೆ. ಕೈ ಇಡಲು ನಾಲ್ಕಾರು ಜಾಗ, ಬ್ರೇಕು ಒಂದೇ ಕಡೆ.

ಉಳಿದದ್ದು ಹಿಂದಕ್ಕೆ ಬಾಗಿದ ಹ್ಯಾಂಡಲ್.

ಮೊದಲ ಪ್ರಯತ್ನ, ತಗಡು

ಲೇಡೀಸ್ ಸೈಕಲ್ಲಿನ ಸ್ಟೀಲ್ ಹ್ಯಾಂಡಲ್ 250 ರೂಪಾಯಿಗೆ ಸಿಕ್ಕಿತು. ನಡುಭಾಗ 25.4. ನನ್ನ ಸ್ಟೆಮ್ಮಿನ ಬಾಯಿ 31.8. ಸುತ್ತಲೂ 3.2 ಮಿಲಿಮೀಟರ್ ಸಂದು. ಹಾಕಿಕೊಟ್ಟ ಅಂಗಡಿಯವರು ತಗಡು ಕತ್ತರಿಸಿ, ಸುತ್ತಿ, ಸಂದು ತುಂಬಿ ಬೋಲ್ಟ್ ಬಿಗಿ ಮಾಡಿದರು. ಕೈಯಲ್ಲಿ ಅಲ್ಲಾಡಿಸಿದರೆ ಗಟ್ಟಿಯಾಗೇ ಇತ್ತು. ನಾನೂ ಒಪ್ಪಿ ಹೊರಟೆ.

ಮೂರನೇ ದಿನ, ಶಾಲೆಯಿಂದ ಬರುವಾಗ, ಒಂದು ಎತ್ತರದ ಹಂಪ್. ಮುಂದಿನ ಚಕ್ರ ಇಳಿಯುತ್ತಿದ್ದ ಹಾಗೆ ಮೈಭಾರ ಕೈ ಮೇಲೆ ಬಿತ್ತು. ಹ್ಯಾಂಡಲ್ ಗರಕ್ ಎಂದು ಕೆಳಕ್ಕೆ ತಿರುಗಿತು. ಬ್ರೇಕ್ ಲಿವರ್ ನೆಲ ನೋಡುತ್ತಿತ್ತು, ಬೆರಳಿಗೆ ಸಿಗಲೇ ಇಲ್ಲ. ಕಾಲು ಊರಿ ನಿಲ್ಲಿಸಿದೆ. ಹಿಂದೆ ಲಾರಿ ಇರಲಿಲ್ಲ, ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಅಲ್ಲಿಂದ ಮನೆ ತನಕ ಸೈಕಲ್ ತಳ್ಳಿಕೊಂಡೇ ಬಂದೆ.

ಬಿಚ್ಚಿ ನೋಡಿದಾಗ ಕಾರಣ ಕಣ್ಣಿಗೇ ಕಂಡಿತು. ತಗಡಿನ ಪದರಗಳು ಒಂದರ ಮೇಲೊಂದು ಜಾರಿದ್ದವು. ಬೋಲ್ಟ್ ಎಷ್ಟು ಬಿಗಿ ಮಾಡಿದರೂ ಹಿಡಿತ ಇರುವುದು ಪದರ ಪದರದ ನಡುವೆ. ನುಣುಪು ತಗಡು, ಅದರ ಮೇಲೆ ಎಣ್ಣೆ ಪಸೆ. ದಯವಿಟ್ಟು ಯಾರೂ ತಗಡು ಹಾಕಬೇಡಿ, ಹಾಕಿಸಿಕೊಳ್ಳಲೂ ಬೇಡಿ. ಡಬ್ಬಿ ತಗಡು, ಟ್ಯೂಬಿನ ರಬ್ಬರು, ಯಾವುದೂ ಬೇಡ.

ನಾನು ಪಂಕ್ಚರ್ ಹಾಕಿಸುವ ಚಾಚಾ ಇದನ್ನು ನೋಡಿ ತಲೆ ಆಡಿಸಿದರು. "ತಗಡು ನಿಲ್ಲಲ್ಲ ಸರ್. ಲೇತಿಗೆ ಹೋಗಿ ಬುಷ್ ಮಾಡಿಸ್ರಿ. ಅಲ್ಯೂಮಿನಿಯಮ್ಮಿಂದು." ಸಂದು ತುಂಬಲು ಲೇತ್ ಯಂತ್ರದಲ್ಲಿ ತಿರುಗಿಸಿ ಮಾಡುವ ಲೋಹದ ಬಳೆಯೇ ಬುಷ್.

ಬುಷ್

ಲೇತ್ ಅಂಗಡಿಯಲ್ಲಿ ಕಳೆದ ಆ ಒಂದು ಗಂಟೆ ಈ ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು. ಮೋಟಾರಿನ ಬುಷ್, ಟ್ರ್ಯಾಕ್ಟರಿನ ಪಿನ್ನು ಮಾಡುತ್ತಿದ್ದವರು ನನ್ನ ಹ್ಯಾಂಡಲ್ ಮತ್ತು ಸ್ಟೆಮ್ ಎರಡನ್ನೂ ವರ್ನಿಯರ್ ಹಿಡಿದು ಅಳೆದರು. ಸ್ಟೆಮ್ಮಿನ ಬಾಯಿ ಹ್ಯಾಂಡಲ್ ಉದ್ದಕ್ಕೆ ಹಿಡಿಯುವ ಅಗಲ 42 ಮಿಲಿಮೀಟರ್. ಅಲ್ಯೂಮಿನಿಯಂ ಸರಳನ್ನು ಲೇತಿನ ಚಕ್‌ಗೆ (ಹಿಡಿದು ತಿರುಗಿಸುವ ಭಾಗಕ್ಕೆ) ಕಚ್ಚಿಸಿ, ಹೊರಗೆ 31.8, ಒಳಗೆ 25.4, ಉದ್ದ 42ಕ್ಕೆ ತಿರುಗಿಸಿದರು. ಬಿಳಿ ಸುರುಳಿಗಳು ನೆಲಕ್ಕೆ ಬೀಳುತ್ತಿದ್ದವು.

ನಾನು ಒಂದು ಕಡೆ ಸೀಳಿದರೆ ಸಾಕು ಅಂದುಕೊಂಡಿದ್ದೆ. ಅವರು ನಕ್ಕು ಹ್ಯಾಂಡಲ್ ತೋರಿಸಿದರು. ಇಷ್ಟು ಬಾಗಿದ ಕೊಳವೆಯ ಮೇಲೆ ಬಳೆ ಜಾರಿ ನಡುವಿಗೆ ಬರುವುದಾದರೂ ಹೇಗೆ? ಎರಡು ಹೋಳೇ ಆಗಬೇಕು. ಹ್ಯಾಕ್ಸಾದಲ್ಲಿ ಉದ್ದಕ್ಕೆ ಎರಡು ಕಡೆ ಕೊಯ್ದರು. ಗರಗಸದ ಅಲಗು ತಿಂದ ಜಾಗವೇ ಬಿಗಿಯಾಗಲು ಬೇಕಾದ ಸಂದು. ಅಂಚುಗಳನ್ನು ಅರದಿಂದ ಉಜ್ಜಿ ಮೊಂಡು ಮಾಡಿದರು, ಇಲ್ಲದಿದ್ದರೆ ಚೂಪು ಅಂಚು ಹ್ಯಾಂಡಲ್ಲಿಗೆ ಗೆರೆ ಕೊರೆಯುತ್ತದೆ. ಹೋಳುಗಳ ಸಂದು ಸ್ಟೆಮ್ಮಿನ ಮುಚ್ಚಳದ ಸಂದಿಗೆ ಸರಿಯಾಗಿ ಕೂರುವ ಹಾಗೆ ಇಟ್ಟು ಬಿಗಿ ಮಾಡಿದೆ. 200 ರೂಪಾಯಿ ಆಯಿತು. ಮುಂದಿನ ಚಕ್ರವನ್ನು ಮೊಣಕಾಲಿನ ನಡುವೆ ಅಮುಕಿ ಹ್ಯಾಂಡಲ್ ತಿರುವಿದೆ. ಗ್ರಿಪ್‌ಗಳ ಮೇಲೆ ಪೂರ್ತಿ ಮೈಭಾರ ಹಾಕಿ ಒತ್ತಿದೆ. ಒಂದು ಕೂದಲೆಳೆಯೂ ಕದಲಲಿಲ್ಲ.

ಗಟ್ಟಿ ಏನೋ ಆಯಿತು. ಆದರೆ ಕೈಗೆ ಸರಿ ಬರಲಿಲ್ಲ. ಕೋನ ಅಳೆಯದೆ ತಂದಿದ್ದೆ. ಅಳೆದರೆ 62. ಬೆನ್ನು ನೆಟ್ಟಗೆ ಕೂತು ನಿಧಾನ ಹೋದರೆ ಚೆನ್ನ. ನಾನು ಸ್ವಲ್ಪ ಬಾಗಿ ಹೊಡೆಯುವವನು, ಬಾಗಿದ ಕೂಡಲೇ ಮಣಿಕಟ್ಟು ಈಗ ಇನ್ನೊಂದು ದಿಕ್ಕಿಗೆ ತಿರುಚುತ್ತಿತ್ತು. ಅದರ ಮೇಲೆ ಆಷಾಢ ಬಂತು. ನಮ್ಮ ಕಡೆ ಆಷಾಢದ ಗಾಳಿ ಎಂದರೆ ಗೊತ್ತಲ್ಲ, ಪಡುವಣದಿಂದ ಎದೆಗೇ ಹೊಡೆಯುತ್ತದೆ. ಬಾತಿ ಗುಡ್ಡದ ಕಡೆ ಹೋಗುವಾಗ ಬೆನ್ನು ನೆಟ್ಟಗೆ ಕೂತರೆ ಪಟ ಕಟ್ಟಿದ ದೋಣಿಯಂತೆ ಮೈ ಗಾಳಿಗೆ ಒಡ್ಡಿಕೊಳ್ಳುತ್ತದೆ. ಎರಡು ಗೇರ್ ಕೆಳಗೆ ಹಾಕಿ ತುಳಿಯಬೇಕಾಯಿತು. ನನಗೆ ಆರಾಮದ ಜೊತೆಗೆ ಗಾಳಿಗೆ ತಲೆ ತಗ್ಗಿಸಲು ಒಂದು ಜಾಗವೂ ಬೇಕಿತ್ತು.

ಜುಲೈ ಕೊನೆಗೆ ಅಲ್ಯೂಮಿನಿಯಂ ಹ್ಯಾಂಡಲ್ ತರಿಸಿದೆ. ಹಿಂಬಾಗು 40 ಡಿಗ್ರಿ, ನಡುಭಾಗ 31.8, ಅಗಲ 660. ಬಾಗಿರುವ ತಿರುವಿನ ಹತ್ತಿರವೂ ಕೈ ಇಡಲು ಜಾಗ ಇದೆ, ಗಾಳಿ ಎದುರಾದರೆ ಅಲ್ಲಿ ಹಿಡಿದು ಬಾಗಬಹುದು. 1,400 ರೂಪಾಯಿ.

ಸ್ಟೆಮ್ ಲೆಕ್ಕ

ಇದನ್ನು ಬಹಳ ಜನ ಮರೆಯುತ್ತಾರೆ. ಹ್ಯಾಂಡಲ್ ಹಿಂದಕ್ಕೆ ಬಾಗಿದರೆ ಕೈಗಳೂ ಹಿಂದಕ್ಕೆ ಬರುತ್ತವೆ. ಹಳೇ ಸ್ಟೆಮ್ ಹಾಗೇ ಬಿಟ್ಟರೆ ಮೊಣಕೈ ಪಕ್ಕೆಗೆ ತಾಗುತ್ತದೆ, ಪೂರ್ತಿ ತಿರುಗಿಸಿದಾಗ ಗ್ರಿಪ್ ಮೊಣಕಾಲಿಗೆ ಬಡಿಯುತ್ತದೆ.

ಲೆಕ್ಕ ಸುಲಭ. ಹಳೇ ಸ್ಟೆಮ್ಮಿನ ಉದ್ದ 80 ಮಿಲಿಮೀಟರ್. ನೇರ ಹ್ಯಾಂಡಲ್ಲಿನಲ್ಲಿ ಗ್ರಿಪ್‌ನ ಮಧ್ಯಭಾಗ ಸ್ಟೆಮ್ಮಿನ ಬಾಯಿಗಿಂತ 15 ಹಿಂದೆ. ಅಂದರೆ ಕೈ ಇದ್ದದ್ದು ಫೋರ್ಕು ಕೊಳವೆಗಿಂತ 65 ಮುಂದೆ. ಹೊಸ ಹ್ಯಾಂಡಲ್ಲಿನಲ್ಲಿ ಗ್ರಿಪ್ ಮಧ್ಯ 95 ಹಿಂದೆ. 80ರ ಸ್ಟೆಮ್ಮೇ ಇಟ್ಟರೆ ಕೈ ಕೊಳವೆಗಿಂತ 15 ಹಿಂದೆ ಹೋಗುತ್ತದೆ. ಒಟ್ಟು 80 ಮಿಲಿಮೀಟರ್ ಹತ್ತಿರ. ನನಗೆ ಬೇಕಿದ್ದದ್ದು 40 ಮಾತ್ರ. ಹಾಗಾಗಿ 120ರ ಸ್ಟೆಮ್. 120ರಲ್ಲಿ 95 ಕಳೆದರೆ 25, ಹಳೇ 65ಕ್ಕಿಂತ 40 ಹತ್ತಿರ. ಸ್ಟೆಮ್ಮಿನ ಓರೆಯಿಂದ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ, ಅದನ್ನು ಕೈ ಗುರುತಿಸುವುದಿಲ್ಲ.

ಎರಡು ದಿನ ಹಳೇ ಸ್ಟೆಮ್ಮಿನಲ್ಲೇ ಹೊಸ ಹ್ಯಾಂಡಲ್ ಹಾಕಿ ಓಡಿಸಿಯೂ ನೋಡಿದೆ, ಲೆಕ್ಕ ನಿಜವಾ ಅಂತ. ನಿಜವೇ.

ಜೋಡಣೆ, ಆಗಸ್ಟ್ ಎರಡನೇ ಭಾನುವಾರ

ಬೆಳಗ್ಗೆ ಬೆಣ್ಣೆ ದೋಸೆ ತಿಂದು ಕೂತವನು ಎದ್ದಾಗ ಮಧ್ಯಾಹ್ನ ಮೂರು.

ಹಳೇ ಗ್ರಿಪ್ ಕತ್ತರಿಸಬೇಡಿ. ಹಳೇ ಸ್ಪೋಕ್ ಒಂದನ್ನು ಗ್ರಿಪ್ ಒಳಗೆ ತೂರಿಸಿ, ಸೋಪಿನ ನೀರು ಬಿಟ್ಟು, ಸುತ್ತಲೂ ಆಡಿಸಿದರೆ ಹೊರಗೆ ಬರುತ್ತದೆ. ಸ್ಪೋಕಿನ ತುದಿ ಅರದಲ್ಲಿ ಮೊಂಡು ಮಾಡಿಕೊಳ್ಳಿ.

ಹೊಸ ಹ್ಯಾಂಡಲ್ಲಿನಲ್ಲಿ ನೇರವಾಗಿರುವ ಭಾಗ ಒಂದೊಂದು ಕಡೆ 160 ಮಿಲಿಮೀಟರ್. ಗ್ರಿಪ್ 130. ಉಳಿದ 30ರಲ್ಲಿ ಬ್ರೇಕ್ ಲಿವರಿನ ಪಟ್ಟಿ, ಗೇರ್ ಲಿವರಿನ ಪಟ್ಟಿ ಎರಡೂ ಕೂರಬೇಕು. ಕೂರಲಿಲ್ಲ. ಗೇರ್ ಲಿವರ್ ತಿರುವಿನ ಮೇಲೆ ಹತ್ತಿ ಓರೆಯಾಯಿತು. ಗ್ರಿಪ್ಪನ್ನು 115ಕ್ಕೆ ಕತ್ತರಿಸಿದೆ. ನನ್ನ ಅಂಗೈ ಅಗಲ 90, ಸಾಕಾಯಿತು. ಹ್ಯಾಂಡಲ್ ಆರಿಸುವಾಗ ಈ ನೇರ ಭಾಗದ ಉದ್ದವನ್ನೂ ಅಳೆಯಿರಿ, ಬೆಲೆ ಚೀಟಿಯಲ್ಲಿ ಅದನ್ನು ಯಾರೂ ಬರೆದಿರುವುದಿಲ್ಲ.

ಆಮೇಲೆ ವೈರು. ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿದೆ. ಹಿಂದಿನ ಬ್ರೇಕಿನದೂ ಹಿಂದಿನ ಗೇರಿನದೂ ಬಿಗಿಯಾಗಿ ಎಳೆಯುತ್ತಿದ್ದವು. ಎರಡನ್ನೂ ಹೊಸದು ಹಾಕಿದೆ. ಇಲ್ಲೊಂದು ಜೀವಕ್ಕೆ ಸಂಬಂಧಿಸಿದ ವಿಷಯ ಇದೆ. ಬ್ರೇಕಿನ ಹೊರ ಕವಚ 5 ಮಿಲಿಮೀಟರ್, ಅದರೊಳಗೆ ಉಕ್ಕಿನ ಪಟ್ಟಿ ಸುರುಳಿ ಸುತ್ತಿರುತ್ತದೆ. ಗೇರಿನ ಕವಚ 4 ಮಿಲಿಮೀಟರ್, ಅದರಲ್ಲಿ ಸಣ್ಣ ತಂತಿಗಳು ಉದ್ದಕ್ಕೆ ಇರುತ್ತವೆ. ಗೇರ್ ಕರಾರುವಾಕ್ಕಾಗಿ ಬೀಳಲು ಅದು ಸರಿ. ಆದರೆ ಬ್ರೇಕ್ ಜೋರಾಗಿ ಹಿಡಿದಾಗಿನ ಒತ್ತಡಕ್ಕೆ ಆ ತಂತಿಗಳು ಹೊರಗೆ ಸಿಡಿಯಬಹುದು. ಗೇರಿನ ಕವಚವನ್ನು ಬ್ರೇಕಿಗೆ ಹಾಕಲೇಬಾರದು. ಒಳಗಿನ ತಂತಿಯೂ ಬೇರೆ ಬೇರೆ, ಬ್ರೇಕಿಗೆ 1.5, ಗೇರಿಗೆ 1.2 ಮಿಲಿಮೀಟರ್.

ಸ್ಟೆಮ್ ಕೂರಿಸುವಾಗ ಮೊದಲು ಮೇಲಿನ ಮುಚ್ಚಳದ ಬೋಲ್ಟ್. ಅದರ ಕೆಲಸ ಕೆಳಗಿನ ಬೇರಿಂಗುಗಳ ಸಡಿಲು ತೆಗೆಯುವುದು ಮಾತ್ರ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಆಡಿಸಿದರೆ ಟಕ್ ಅನ್ನಬಾರದು, ಹ್ಯಾಂಡಲ್ ತಿರುಗುವುದು ಭಾರವೂ ಆಗಬಾರದು. ಆಮೇಲೆ ಚಕ್ರಕ್ಕೆ ನೇರ ಮಾಡಿ ಸ್ಟೆಮ್ಮಿನ ಪಕ್ಕದ ಬೋಲ್ಟುಗಳು.

ಮುಂದಿನ ಮುಚ್ಚಳದ ನಾಲ್ಕು ಬೋಲ್ಟುಗಳನ್ನು ಅಡ್ಡಡ್ಡವಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಮೇಲಿನ ಸಂದು, ಕೆಳಗಿನ ಸಂದು ಸಮ ಇರಬೇಕು. ಎಷ್ಟು ಬಿಗಿ ಮಾಡಬೇಕು ಅನ್ನುವುದಕ್ಕೆ ಸ್ಟೆಮ್ಮಿನ ಮೇಲೆ 5 ನ್ಯೂಟನ್ ಮೀಟರ್ ಅಂತ ಬರೆದಿತ್ತು. ಅದನ್ನು ಅಳೆಯುವ ಸ್ಪ್ಯಾನರ್ ನನ್ನ ಹತ್ತಿರ ಇಲ್ಲ. ಆದರೆ ಲೆಕ್ಕ ಗೊತ್ತಿದೆ. ತಿರುಗುವ ನಡುವಿನಿಂದ 10 ಸೆಂಟಿಮೀಟರ್ ದೂರದಲ್ಲಿ 5 ಕೆ.ಜಿ. ಎಳೆತ ಕೊಟ್ಟರೆ ಹತ್ತಿರ ಹತ್ತಿರ 5 ನ್ಯೂಟನ್ ಮೀಟರ್. ಅಲನ್ ಕೀಗೆ ಸಣ್ಣ ಪೈಪು ತೂರಿಸಿ, 10 ಸೆಂಟಿಮೀಟರಿಗೆ ಗುರುತು ಹಾಕಿ, ಲಗೇಜ್ ತೂಗುವ ಕೈ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ನೇರ ಕೋನದಲ್ಲಿ ಎಳೆದೆ. ತಕ್ಕಡಿ 5 ತೋರಿಸಿದ ಕೂಡಲೇ ನಿಲ್ಲಿಸಿದೆ. ಈ ಪಾಠವನ್ನು ಮರುದಿನ ಒಂಬತ್ತನೇ ತರಗತಿಯಲ್ಲೂ ಮಾಡಿದೆ. ಮಕ್ಕಳಿಗೆ ಬಹಳ ಇಷ್ಟವಾಯಿತು.

ಅಲ್ಯೂಮಿನಿಯಂ ಹ್ಯಾಂಡಲ್ಲನ್ನು ಬಗ್ಗಿಸಲು ಹೋಗಬೇಡಿ, ತೂತು ಕೊರೆಯಬೇಡಿ. ಸ್ಟೀಲ್ ಬಾಗಿ ಸುಳಿವು ಕೊಡುತ್ತದೆ. ಅಲ್ಯೂಮಿನಿಯಂ ಸಣ್ಣ ಬಿರುಕಿನಿಂದ ಶುರುವಾಗಿ ಒಮ್ಮೆಗೇ ಮುರಿಯಬಹುದು.

ಹೊಂದಿಸಿದ್ದು

ಇನ್ನು ಮುಂದಿನದು ತಾಳ್ಮೆಯ ಕೆಲಸ. ಒಂದು ದಿನಕ್ಕೆ ಒಂದೇ ಬದಲಾವಣೆ ಅಂತ ಇಟ್ಟುಕೊಂಡೆ. ಎರಡು ಮಾಡಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದದ್ದು ಹೀಗಿದೆ.

ಮೊದಲ ದಿನ ಗ್ರಿಪ್‌ಗಳು ನೆಲಕ್ಕೆ ಸಮ. ಮಣಿಕಟ್ಟು ಆರಾಮ, ಹೆಬ್ಬೆರಳ ಬುಡದಲ್ಲಿ ಸ್ವಲ್ಪ ಒತ್ತಡ. ಎರಡನೇ ದಿನ ಗ್ರಿಪ್ ತುದಿ 5 ಡಿಗ್ರಿ ಕೆಳಕ್ಕೆ. ಒತ್ತಡ ಹೋಯಿತು. ಮೂರನೇ ದಿನ 10 ಡಿಗ್ರಿ, ಕೈ ಹಿಂದಕ್ಕೆ ಜಾರತೊಡಗಿತು. ನಾಲ್ಕನೇ ದಿನ ಮತ್ತೆ 5ಕ್ಕೆ. ಐದನೇ ದಿನ ಬ್ರೇಕ್ ಲಿವರನ್ನು ಕೆಳಕ್ಕೆ ತಿರುಗಿಸಿದೆ, ಮುಂಗೈ, ಅಂಗೈ, ಬೆರಳು ಒಂದೇ ಗೆರೆಯಲ್ಲಿ ಬರುವಷ್ಟು. ಲಿವರ್ ಎತ್ತರದಲ್ಲಿದ್ದರೆ ಬೆರಳು ಚಾಚುವಾಗ ಮಣಿಕಟ್ಟು ಮತ್ತೆ ಹಿಂದಕ್ಕೆ ಮಡಚುತ್ತದೆ, ಅಲ್ಲಿಯವರೆಗೆ ಮಾಡಿದ್ದೆಲ್ಲ ವ್ಯರ್ಥ. ಆರನೇ ದಿನ ಏನೂ ಮುಟ್ಟಲಿಲ್ಲ, ಸುಮ್ನೆ ಓಡಿಸಿದೆ.

ಭಾನುವಾರ ಕೊಂಡಜ್ಜಿಗೆ ಹೋದೆ. ಗಾಳಿ ಇನ್ನೂ ಇತ್ತು. ಎದುರು ಗಾಳಿಗೆ ತಿರುವಿನ ಹತ್ತಿರ ಹಿಡಿದು ಬಾಗಿದೆ, ಗಾಳಿ ಬೆನ್ನಿಗೆ ಬಂದಾಗ ಗ್ರಿಪ್ ತುದಿಗೆ ಸರಿದು ನೆಟ್ಟಗೆ ಕೂತೆ. ಕೆರೆ ಏರಿಯ ಮೇಲೆ ಸೈಕಲ್ ನಿಲ್ಲಿಸಿ ಬುತ್ತಿ ಬಿಚ್ಚುವಾಗ ಗಂಟು ಒಂದೇ ಸಲಕ್ಕೆ ಬಿಚ್ಚಿತು. ಆಗ ಕಿರುಬೆರಳ ನೆನಪಾಯಿತು. ಹೆಬ್ಬೆರಳಿಂದ ಅದರ ತುದಿ ಉಜ್ಜಿದೆ. ಉಗುರಿನ ಒರಟು ಅಂಚು ಕೂಡ ಗೊತ್ತಾಗುತ್ತಿತ್ತು.

ವಾಪಸು ಬಂದಾಗ ಅಪ್ಪ ಬಾಗಿಲಲ್ಲೇ ಕೂತಿದ್ದರು. ಹೊಸ ಹ್ಯಾಂಡಲ್ ಹಿಡಿದು ನೋಡಿದರು, ಎರಡು ಸಲ ಆ ಕಡೆ ಈ ಕಡೆ ತಿರುಗಿಸಿದರು. "ಈಗ ಹಿಡಿಯೋಹಂಗೈತೆ" ಅಂದರು. ಆಮೇಲೆ, "ನಂದು ಇನ್ನೂ ಚಲೋ ಐತೆ ಬಿಡು" ಅಂದರು. ಅವರು ಕೂರುವ ರೀತಿಗೆ, ಅವರ ಸೀಟಿನ ಎತ್ತರಕ್ಕೆ, ಅವರ 75 ಡಿಗ್ರಿ ನಿಜಕ್ಕೂ ಚಲೋ.

62 ಡಿಗ್ರಿಯ ಸ್ಟೀಲ್ ಹ್ಯಾಂಡಲ್ ಎಸೆಯಲಿಲ್ಲ. ಮಗಳು ಟ್ಯೂಷನ್ನಿಗೆ ಹೋಗುವುದು ಬೆನ್ನು ನೆಟ್ಟಗೆ ಕೂರುವ ಸೈಕಲ್ಲಿನಲ್ಲಿ. ಲಟ್ಟಣಿಗೆ ಕೊಟ್ಟು ಅಳೆದರೆ ಅವಳದು 58 ಬಂತು. ಅವಳ ಸೈಕಲ್ಲಿನ ಸ್ಟೆಮ್ಮಿನ ಬಾಯಿಯೂ 31.8. ಲೇತಿನ ಬುಷ್ ಸಮೇತ ಅದನ್ನು ಅಲ್ಲಿಗೆ ಹಾಕಿದೆ. ಮೂರು ವಾರವಾಯಿತು, ಬೋಲ್ಟಿನ ಪಕ್ಕ ಹಾಕಿದ ಬಣ್ಣದ ಗುರುತು ಇದ್ದಲ್ಲೇ ಇದೆ.

ಬೆಲ್ ಒಂದು ಬಾಕಿ. ಹಳೇ ಬೆಲ್ಲಿನ ಪಟ್ಟಿ 22.2ಕ್ಕೆ ಮಾಡಿದ್ದು, ಆ ದಪ್ಪದ ಜಾಗವನ್ನೆಲ್ಲ ಗ್ರಿಪ್ಪು, ಲಿವರ್‌ಗಳು ತುಂಬಿವೆ. ನಡುಭಾಗಕ್ಕೆ ಅದು ಸುತ್ತುವುದಿಲ್ಲ. ನಾಳೆ ಸಂಜೆ ಮಂಡಿಪೇಟೆ ಕಡೆ ಹೋದಾಗ ಉದ್ದ ಪಟ್ಟಿಯ ಬೆಲ್ ಹುಡುಕಬೇಕು. ವರ್ನಿಯರ್ ಇಲ್ಲ, ಅದಕ್ಕೇ ದಾರ ಸುತ್ತಿ ಅಳತೆ ತೆಗೆದು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ.